ಆನಂದಪುರ: ಕಾಫಿ ತೋಟದ ನಡುವೆ ಹುಟ್ಟಿದ ಒಂದು ಸಭೆ

ಡೊಂಬಿವಲಿ, ಕಲ್ಯಾಣದ ಹಳೆಯ ಚಾಳುಗಳ ಮಾಡನ್ನು ಒಮ್ಮೆ ತಲೆಯೆತ್ತಿ ನೋಡಿ. ಹೊಸ ಕಟ್ಟಡಗಳ ನಡುವೆ ಅಲ್ಲೊಂದು ಇಲ್ಲೊಂದು ಉಳಿದಿರುವ ವಾಡೆಗಳ ಮೇಲೆ ಕೆಂಪು ಹಂಚು ಇನ್ನೂ ಕಾಣಿಸುತ್ತದೆ. ನಮ್ಮ ಮರಾಠಿ ನೆರೆಯವರು ಅದನ್ನು ‘ಮಂಗಲೋರಿ ಕೌಲ’ ಎಂದೇ ಕರೆಯುತ್ತಾರೆ. ನಾವು ಊರು ಬಿಟ್ಟು ಇಲ್ಲಿಗೆ ಬರುವ ಎಷ್ಟೋ ಮೊದಲೇ ನಮ್ಮೂರ ಮಣ್ಣು ಹಡಗು ಹತ್ತಿ ಇಲ್ಲಿಗೆ ಬಂದು ಇಲ್ಲಿನವರ ತಲೆಯ ಮೇಲೆ ನೆರಳಾಗಿ ಕೂತಿತ್ತು. ಈ ಹಂಚಿನ ಉದ್ಯಮಕ್ಕೆ ಮೂಲ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಜಾರ್ಜ್ ಪ್ಲೆಬ್ಸ್ಟ್ ಎಂಬವರು ಆರಂಭಿಸಿದ ಬಾಸೆಲ್ ಮಿಷನ್ ಕಾರ್ಖಾನೆ.

ಬಾಸೆಲ್ ಮಿಷನ್ ಎಂದೊಡನೆ ನಮಗೆ ನೆನಪಾಗುವುದು ಹಂಚು, ನೇಯ್ಗೆ, ಮುದ್ರಣಾಲಯ, ಮೋಗ್ಲಿಂಗ್, ಕಿಟ್ಟೆಲ್. ಇವೆಲ್ಲ ಊರು ಪೇಟೆಯ ಕಥೆಗಳು. ಆದರೆ ಅದೇ ಮಿಷನ್ನಿನ ಇನ್ನೊಂದು ಕಥೆ ಕೊಡಗಿನ ಕಾಡಿನ ನಡುವೆ, ಕಾಫಿ ಗಿಡಗಳ ಸಾಲಿನಲ್ಲಿ ನಡೆಯಿತು. ಅದರಲ್ಲಿ ಮಂಗಳೂರಿನ ಒಬ್ಬ ಸಾರಸ್ವತ ಬ್ರಾಹ್ಮಣ, ಒಬ್ಬ ಕೊಡವ, ಒಬ್ಬ ಜರ್ಮನ್ ಪಾದ್ರಿ ಹಾಗೂ ತಲೆಮಾರುಗಳಿಂದ ಒಡೆಯರ ಮನೆಗೆ ಕಟ್ಟಿಹಾಕಲ್ಪಟ್ಟಿದ್ದ ಹಲವು ಆಳುಗಳು ಇದ್ದಾರೆ. ಮೊದಲ ಮೂವರ ಹೆಸರು ಪುಸ್ತಕಗಳಲ್ಲಿದೆ. ಊರನ್ನು ಕಟ್ಟಿದ್ದು ಮಾತ್ರ ಕೊನೆಯವರ ಕೈಗಳು. ಆ ಊರಿನ ಹೆಸರು ಆನಂದಪುರ.

ಹಿರಿಯರು ನಡೆಸುವ ಸಭೆ

ಕಥೆಗೆ ಹೋಗುವ ಮೊದಲು ಒಂದು ಮಾತು. ಕ್ರೈಸ್ತರೆಂದರೆ ಒಂದೇ ಬಗೆಯವರೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ವಸಾಯಿ, ಠಾಣೆ, ಬಾಂದ್ರಾಗಳಲ್ಲಿ ನಮಗೆ ಕಾಣುವ ಹಳೆಯ ಚರ್ಚುಗಳಲ್ಲಿ ಹೆಚ್ಚಿನವು ಪೋರ್ಚುಗೀಸರ ಕಾಲದಲ್ಲಿ ಬೇರುಬಿಟ್ಟ ಕ್ಯಾಥೊಲಿಕ್ ಪರಂಪರೆಯವು. ಅಲ್ಲಿ ಪೋಪ್, ಬಿಷಪ್, ಪಾದ್ರಿ ಎಂಬ ಮೇಲಿನಿಂದ ಕೆಳಗಿಳಿಯುವ ಅಧಿಕಾರದ ಏಣಿ ಇದೆ. ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ನರದು ಬೇರೆ ಕ್ರಮ. ಗ್ರೀಕ್ ಭಾಷೆಯಲ್ಲಿ ‘ಪ್ರೆಸ್ಬಿಟರ್’ ಎಂದರೆ ಹಿರಿಯ. ಸಭೆಯವರೇ ಆರಿಸಿದ ಹಿರಿಯರು ಸಭಾಪಾಲಕರ ಜೊತೆ ಕುಳಿತು ಆಡಳಿತ ನಡೆಸುತ್ತಾರೆ, ಬಿಷಪ್ ಇರುವುದಿಲ್ಲ. ನಮ್ಮ ಊರಿನ ಹತ್ತು ಸಮಸ್ತರ ಕೂಟವನ್ನು ಕಂಡವರಿಗೆ ಇದು ಅಪರಿಚಿತವಲ್ಲ.

ಮುಂಬಯಿಯಲ್ಲಿ ಈ ಪರಂಪರೆಯ ಗುರುತುಗಳು ನಮ್ಮ ಕಣ್ಣೆದುರೇ ಇವೆ. ಕೋಟೆ ಪ್ರದೇಶದಲ್ಲಿರುವ ಸೇಂಟ್ ಆಂಡ್ರೂಸ್ ಚರ್ಚನ್ನು ಸ್ಕಾಟರು 1819ರ ಹೊತ್ತಿಗೆ ಕಟ್ಟಿಕೊಂಡರು. ಚೌಪಾಟಿಯ ವಿಲ್ಸನ್ ಕಾಲೇಜು ಸ್ಕಾಟಿಷ್ ಮಿಷನರಿ ಜಾನ್ ವಿಲ್ಸನ್ 1832ರಲ್ಲಿ ಆರಂಭಿಸಿದ ಶಾಲೆಯಿಂದ ಬೆಳೆದದ್ದು.

ಕನ್ನಡ ನಾಡಿನ ಹಳ್ಳಿಗಳಲ್ಲಿ ಇದಕ್ಕೆ ತೀರ ಹತ್ತಿರದ್ದು ಬಾಸೆಲ್ ಮಿಷನ್. 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಹುಟ್ಟಿದ ಈ ಸಂಸ್ಥೆಯಲ್ಲಿ ದಕ್ಷಿಣ ಜರ್ಮನಿಯ ಲುಥೆರನ್ನರೂ ಸ್ವಿಸ್ ‘ರಿಫಾರ್ಮ್ಡ್’ ಪಂಥದವರೂ ಒಟ್ಟಿಗೆ ಇದ್ದರು. ಪ್ರೆಸ್ಬಿಟೇರಿಯನ್ನರಿಗೂ ರಿಫಾರ್ಮ್ಡ್ ಪಂಥದವರಿಗೂ ಬೇರು ಒಂದೇ: ಜಿನೀವಾದ ಕ್ಯಾಲ್ವಿನ್. ಬಾಸೆಲ್ ಸಭೆಗಳಲ್ಲೂ ಬಿಷಪ್ ಇರಲಿಲ್ಲ. ಮಿಷನರಿಯ ಜೊತೆ ಊರಿನ ಹಿರಿಯರು ಕುಳಿತು ಸಭೆಯ ವ್ಯಾಜ್ಯ ಬಗೆಹರಿಸುತ್ತಿದ್ದರು, ತಪ್ಪಿದವರಿಗೆ ಬುದ್ಧಿ ಹೇಳುತ್ತಿದ್ದರು.

ಮಂಗಳೂರಿಗೆ ಬಂದ ಮೂವರು

ಈಸ್ಟ್ ಇಂಡಿಯಾ ಕಂಪೆನಿಯ ಸನ್ನದು 1833ರಲ್ಲಿ ಬದಲಾದಾಗ ಬ್ರಿಟಿಷರಲ್ಲದ ಮಿಷನರಿಗಳಿಗೂ ಭಾರತದ ಬಾಗಿಲು ತೆರೆಯಿತು. ಮರುವರ್ಷ ಸ್ಯಾಮುವೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಇಳಿದು, 1834ರ ಅಕ್ಟೋಬರ್ 30ರಂದು ಮಂಗಳೂರು ಮುಟ್ಟಿದರು. ಅದೇ ವರ್ಷದ ಬೇಸಿಗೆಯಲ್ಲಿ ಕಂಪೆನಿಯ ಸೈನ್ಯ ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ವಶಪಡಿಸಿಕೊಂಡಿತ್ತು. ಈ ಎರಡು ಘಟನೆಗಳಿಗೆ ಅಂದು ಸಂಬಂಧವಿರಲಿಲ್ಲ. ಇಪ್ಪತ್ತು ವರ್ಷಗಳಲ್ಲಿ ಅವು ಒಂದಾದವು.

ಹರ್ಮನ್ ಮೋಗ್ಲಿಂಗ್ ಬಂದದ್ದು 1836ರಲ್ಲಿ. ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಬ್ರಾಕೆನ್‌ಹೈಮ್‌ನಲ್ಲಿ 1811ರಲ್ಲಿ ಹುಟ್ಟಿದವರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ ಎಂದು ಮಿಷನ್ ಮುಂಬಯಿ ಪ್ರಾಂತದೊಳಕ್ಕೂ ಕಾಲಿಟ್ಟಿತು. 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯ ಆರಂಭವಾಯಿತು. ಆ ಅಚ್ಚಿನ ಯಂತ್ರ ಹೋದದ್ದು ಮುಂಬಯಿಯಿಂದ. ಹಂಚು ಅಲ್ಲಿಂದ ಇಲ್ಲಿಗೆ ಬಂದರೆ, ಅಚ್ಚು ಇಲ್ಲಿಂದ ಅಲ್ಲಿಗೆ ಹೋಯಿತು. 1843ರ ಜುಲೈ 1ರಂದು ಅದೇ ಮುದ್ರಣಾಲಯದಿಂದ ಮೋಗ್ಲಿಂಗರ ‘ಮಂಗಳೂರ ಸಮಾಚಾರ’ ಹೊರಬಂತು. ಇಂದಿಗೂ ಜುಲೈ 1ನ್ನು ನಾವು ಕನ್ನಡ ಪತ್ರಿಕಾ ದಿನವೆಂದು ಆಚರಿಸುತ್ತೇವೆ.

ಆನಂದರಾಯ ಎಂಬ ಹುಡುಗ

ಮೋಗ್ಲಿಂಗರ ಇಂಗ್ಲಿಷ್ ಶಾಲೆಗೆ ಬರುತ್ತಿದ್ದವರಲ್ಲಿ ಆನಂದರಾಯ ಕೌಂಡಿನ್ಯ ಒಬ್ಬರು. 1825ರಲ್ಲಿ ಹುಟ್ಟಿದ ಸಾರಸ್ವತ ಬ್ರಾಹ್ಮಣರು. ಇಂಗ್ಲಿಷ್ ಕಲಿತರೆ ಸರಕಾರಿ ನೌಕರಿ ಸಿಗುತ್ತದೆಂಬ ಆಸೆಯಿಂದ ಮೇಲ್ಜಾತಿಯ ಮಕ್ಕಳು ಆಗ ಇಂಥ ಶಾಲೆಗಳಿಗೆ ಬರುತ್ತಿದ್ದರು. 1844ರ ಜನವರಿ 6ರಂದು ಆನಂದರಾಯರು ಇನ್ನಿಬ್ಬರು ಗೆಳೆಯರ ಜೊತೆ ದೀಕ್ಷಾಸ್ನಾನ ಪಡೆದಾಗ ಮಂಗಳೂರಿನಲ್ಲಿ ದೊಡ್ಡ ಗಲಭೆಯೇ ಆಯಿತು. ಮನೆಯ ಬಾಗಿಲು ಮುಚ್ಚಿತು. ಕೈಹಿಡಿದ ಹೆಂಡತಿ ಹಿಂದೆ ಬರಲಿಲ್ಲ. ಹೆಸರಿನ ಹಿಂದೆ ಗುರುವಿನ ಹೆಸರು ಸೇರಿ ಅವರು ‘ಹರ್ಮನ್ ಆನಂದರಾವ್ ಕೌಂಡಿನ್ಯ’ ಆದರು.

ಈ ಹೊತ್ತಿಗೆ ಮುಂಬಯಿಯಲ್ಲೂ ಇದೇ ಬಗೆಯ ಬಿರುಗಾಳಿ ಬೀಸಿತ್ತು. 1843ರಲ್ಲಿ ಸ್ಕಾಟಿಷ್ ಮಿಷನ್ನಿನ ವಿದ್ಯಾರ್ಥಿ ನಾರಾಯಣ ಶೇಷಾದ್ರಿ ಕ್ರೈಸ್ತರಾದರು. ಅವರ ತಮ್ಮ ಶ್ರೀಪತನ ಪ್ರಕರಣ ನ್ಯಾಯಾಲಯದವರೆಗೂ ಹೋಗಿ, ಹುಡುಗನನ್ನು ಮನೆಯವರಿಗೆ ಒಪ್ಪಿಸಲಾಯಿತು. ಅವನನ್ನು ಮರಳಿ ಜಾತಿಗೆ ಸೇರಿಸಿಕೊಳ್ಳಬಹುದೇ ಎಂಬುದೇ ಪುಣೆ-ಮುಂಬಯಿ ಬ್ರಾಹ್ಮಣರ ನಡುವೆ ದೊಡ್ಡ ಚರ್ಚೆಯಾಯಿತು. ಕೌಂಡಿನ್ಯ ಮತ್ತು ಶೇಷಾದ್ರಿ ಇಬ್ಬರೂ ಮುಂದೆ ಒಂದೊಂದು ಹಳ್ಳಿ ಕಟ್ಟಿದರು. ಆ ಹೋಲಿಕೆಗೆ ಆಮೇಲೆ ಬರೋಣ.

ಮೋಗ್ಲಿಂಗರು 1840ರ ದಶಕದ ನಡುವೆ ಊರಿಗೆ ಮರಳುವಾಗ ಕೌಂಡಿನ್ಯರನ್ನೂ ಕರೆದೊಯ್ದರು. ಬಾಸೆಲಿನಲ್ಲಿ ದೈವಶಾಸ್ತ್ರ ಓದಿ, 1851ರಲ್ಲಿ ಗುರುದೀಕ್ಷೆ ಪಡೆದು ಕೌಂಡಿನ್ಯರು ಮಂಗಳೂರಿಗೆ ಹಿಂತಿರುಗಿದರು, ಸೆಮಿನರಿಯಲ್ಲಿ ಅಧ್ಯಾಪಕರಾದರು. 1860ರಲ್ಲಿ ಮಾರಿ ರೈನ್‌ಹಾರ್ಟ್ ಎಂಬ ಜರ್ಮನ್ ಮಹಿಳೆಯನ್ನು ಮದುವೆಯಾದರು. ಆ ಕಾಲಕ್ಕೆ ಎರಡೂ ಕಡೆಯವರ ಹುಬ್ಬೇರಿಸುವ ಮದುವೆ ಅದು.

ಸೋಮಯ್ಯನ ಜೊತೆ ಕೊಡಗಿಗೆ

ಬೋರಿಬಂದರದಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು ಓಡಿದ್ದು 1853ರ ಏಪ್ರಿಲ್‌ನಲ್ಲಿ. ಆ ವರ್ಷ ಕೊಡಗಿಗೆ ಹೋಗಬೇಕಾದವರು ಘಟ್ಟ ಹತ್ತಿಯೇ ಹೋಗಬೇಕಿತ್ತು. ಮೋಗ್ಲಿಂಗರು ಹಾಗೆ ಘಟ್ಟ ಹತ್ತಿದ್ದೂ ಅದೇ ವರ್ಷ.

ಕಾರಣ ಅಲ್ಮಂಡ ಸೋಮಯ್ಯ ಎಂಬ ಕೊಡವ. ಅವರು ಮಂಗಳೂರಿಗೆ ಬಂದು ದೀಕ್ಷಾಸ್ನಾನ ಪಡೆದು ‘ಸ್ಟೆಫಾನಸ್ ಸೋಮಯ್ಯ’ ಆದರು. ಹದಿನಾರು ವರ್ಷ ದುಡಿದು ದಣಿದಿದ್ದ ಮೋಗ್ಲಿಂಗರು ಆಗ ಸ್ವದೇಶಕ್ಕೆ ಮರಳುವ ಯೋಚನೆಯಲ್ಲಿದ್ದರು. ಹೊಸ ಶಿಷ್ಯನನ್ನು ಒಬ್ಬನೇ ಊರಿಗೆ ಕಳುಹಿಸಲು ಮನಸ್ಸಾಗದೆ ಯಾತ್ರೆ ರದ್ದುಮಾಡಿ ಅವರ ಜೊತೆ ನಡೆದರು. ಬಾಸೆಲಿನ ಸಮಿತಿಗೆ ಹೊಸ ಸೀಮೆಯ ಹೊಣೆ ಬೇಡವಾಗಿತ್ತು. ಹಾಗಾಗಿ ಮೊದಲ ವರ್ಷಗಳಲ್ಲಿ ಮೋಗ್ಲಿಂಗರು ಗೆಳೆಯರ ನೆರವಿನಿಂದಲೇ ಕೆಲಸ ನಡೆಸಬೇಕಾಯಿತು.

ಕೊಡವರಲ್ಲಿ ಒಕ್ಕವೆಂದರೆ ಎಲ್ಲವೂ. ಐನ್‌ಮನೆ, ಜಮ್ಮ ಭೂಮಿ, ಕಾರಣವರ ಆರಾಧನೆ ಎಲ್ಲ ಒಕ್ಕದ್ದು. ಒಬ್ಬನ ಪಾಲು ಎಂಬುದಿಲ್ಲ. ಅಲ್ಲಿ ಒಬ್ಬ ಧರ್ಮ ಬಿಟ್ಟರೆ ಭೂಮಿ, ಮನೆ, ಹೆಂಡತಿ ಮಕ್ಕಳ ಪ್ರಶ್ನೆ ಒಟ್ಟಿಗೆ ಏಳುತ್ತದೆ. ಮತ ಬದಲಾದರೂ ಪಿತ್ರಾರ್ಜಿತದ ಹಕ್ಕು ಹೋಗದು ಎಂಬ ಕಾನೂನು 1850ರಲ್ಲಿ ಬಂದಿತ್ತು ನಿಜ. ಕಾಗದದ ಮೇಲಿನ ಹಕ್ಕು ಬೇರೆ, ಐನ್‌ಮನೆಯ ಹೊಸ್ತಿಲು ದಾಟುವುದು ಬೇರೆ. ಸೋಮಯ್ಯನವರ ಹಿಂದೆ ಕೊಡವರ ಗುಂಪು ಬರುತ್ತದೆಂಬ ಮೋಗ್ಲಿಂಗರ ನಿರೀಕ್ಷೆ ಫಲಿಸಲಿಲ್ಲ. ಬಂದವರು ಬೆರಳೆಣಿಕೆಯಷ್ಟು.

ಆ ವರ್ಷಗಳು ಕನ್ನಡಕ್ಕೆ ಮಾತ್ರ ಲಾಭದಾಯಕವಾದವು. ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು ಮುಂತಾದವನ್ನು ಅಚ್ಚಿಗೆ ತಂದ ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಮಾಲೆಯನ್ನು ಮೋಗ್ಲಿಂಗರು ಆಗಷ್ಟೇ ಮುಗಿಸಿದ್ದರು. 1855ರಲ್ಲಿ ಅವರ ‘ಕೂರ್ಗ್ ಮೆಮಾಯರ್ಸ್’ ಬೆಂಗಳೂರಿನಲ್ಲಿ ಅಚ್ಚಾಯಿತು. ದೊಡ್ಡವೀರರಾಜೇಂದ್ರನ ಕಾಲದ ‘ರಾಜೇಂದ್ರನಾಮೆ’ಯನ್ನು 1857ರಲ್ಲಿ ಪ್ರಕಟಿಸಿದರು. ಟ್ಯೂಬಿಂಗನ್ ವಿಶ್ವವಿದ್ಯಾಲಯ 1858ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಕನ್ನಡದ ಕೆಲಸಕ್ಕಾಗಿ ಒಬ್ಬರಿಗೆ ಸಿಕ್ಕ ಮೊದಲ ಡಾಕ್ಟರೇಟ್ ಎಂದು ಇದನ್ನು ನಮ್ಮಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ.

ಜಮ್ಮದಾಳುಗಳು

ಕೊಡವರು ಬರಲಿಲ್ಲ. ಮೋಗ್ಲಿಂಗರು ಎಣಿಸದಿದ್ದವರು ಬಂದರು: ಕೊಡವರ ಗದ್ದೆಗಳಲ್ಲಿ ದುಡಿಯುತ್ತಿದ್ದ ಹೊಲೆಯ ಸಮುದಾಯದ ಆಳುಗಳು.

ಇವರ ಸ್ಥಿತಿ ಏನಿತ್ತೆಂದು ಅಂದಿನ ದಾಖಲೆಗಳೇ ಹೇಳುತ್ತವೆ. ಮಡಿಕೇರಿಯಲ್ಲಿ ಬಹುಕಾಲ ಶಾಲೆ ನಡೆಸಿದ ಬಾಸೆಲಿನ ಜಾರ್ಜ್ ರಿಕ್ಟರ್ 1870ರಲ್ಲಿ ಪ್ರಕಟಿಸಿದ ‘ಮ್ಯಾನುಅಲ್ ಆಫ್ ಕೂರ್ಗ್’ ಗ್ರಂಥದಲ್ಲಿ ಎರಡು ಬಗೆಯ ಜಮ್ಮದಾಳುಗಳ ಪ್ರಸ್ತಾಪವಿದೆ. ‘ಭೂಮಿ ಜಮ್ಮದಾಳು’ ನೆಲಕ್ಕೆ ಸೇರಿದವನು; ಗದ್ದೆ ಕೈಬದಲಾದರೆ ಅವನೂ ಅದರ ಜೊತೆ ಕೈಬದಲಾಗುತ್ತಾನೆ. ‘ಒಕ್ಕಲು ಜಮ್ಮದಾಳು’ ಮನೆತನಕ್ಕೆ ಸೇರಿದವನು. ಅವನನ್ನು ಒಡೆಯ ಮಾರಬಹುದಿತ್ತು, ಒತ್ತೆ ಇಡಬಹುದಿತ್ತು. ‘ಜಮ್ಮ’ ಎಂದರೆ ಜನ್ಮ. ಒಡೆಯನಿಗೆ ಜಮ್ಮವೆಂಬುದು ಹುಟ್ಟಿನಿಂದ ಬಂದ ಭೂಮಿಯ ಹಕ್ಕು. ಆಳಿಗೆ ಅದೇ ಮಾತು ಹುಟ್ಟಿನಿಂದ ಬಂದ ಸೆರೆ.

ಗುಲಾಮಗಿರಿಯ ಒಡೆತನಕ್ಕೆ ನ್ಯಾಯಾಲಯದಲ್ಲಿ ಮಾನ್ಯತೆ ಇಲ್ಲವೆಂದು 1843ರ ಐದನೆಯ ಕಾಯ್ದೆ ಸಾರಿತ್ತು. ಗುಲಾಮರನ್ನು ಇಟ್ಟುಕೊಳ್ಳುವುದು, ಮಾರುವುದು ಅಪರಾಧವಾದದ್ದು 1860ರ ದಂಡ ಸಂಹಿತೆಯಲ್ಲಿ. ಅದು ಜಾರಿಗೆ ಬಂದದ್ದು 1862ರಲ್ಲಿ. ಮಧ್ಯದ ಆ ಇಪ್ಪತ್ತು ವರ್ಷಗಳಲ್ಲಿ ಆಳು ಕಾಗದದಲ್ಲಿ ಬಿಡುಗಡೆಯಾಗಿದ್ದ, ಕಣದಲ್ಲಿ ಆಗಿರಲಿಲ್ಲ. ಒಡೆಯನ ಮನೆ ಬಿಟ್ಟರೆ ಮರುದಿನದ ಗಂಜಿ ಎಲ್ಲಿಂದ? ಮಲಗಲು ಜಾಗ ಎಲ್ಲಿ? ಊರೆಲ್ಲ ಒಡೆಯರದೇ ಆಗಿರುವಾಗ ಓಡಿಹೋಗುವುದಾದರೂ ಎಲ್ಲಿಗೆ?

ಮೋಗ್ಲಿಂಗರಿಗೆ ಎದುರಾದ ಪ್ರಶ್ನೆಯೂ ಇದೇ. ದೀಕ್ಷಾಸ್ನಾನ ಕೊಟ್ಟು ಅದೇ ಹಟ್ಟಿಗೆ ಮರಳಿ ಕಳುಹಿಸುವುದರಲ್ಲಿ ಅರ್ಥವಿರಲಿಲ್ಲ. ಮೊದಲು ನೆಲ ಬೇಕಿತ್ತು.

1857: ತೋಟವೂ ಊರೂ

ಕೊಡಗಿನಲ್ಲಿ ಯುರೋಪಿಯನ್ನರ ಕಾಫಿ ತೋಟಗಳ ಕಾಲ ಆಗಷ್ಟೇ ಆರಂಭವಾಗಿತ್ತು. ಫೌಲರ್ ಎಂಬವರು 1854ರಲ್ಲಿ ಮಡಿಕೇರಿಯಲ್ಲಿ ಮೊದಲ ತೋಟ ತೆರೆದರು. ಮರುವರ್ಷ ಸಂಪಾಜೆ ಘಾಟಿಯಲ್ಲಿ, ಅದರ ಮರುವರ್ಷ ಪೆರಂಬಾಡಿ ಘಾಟಿಯಲ್ಲಿ ಕಾಡು ಕಡಿಯಲಾಯಿತು. ಅದೇ ಸಾಲಿನಲ್ಲಿ ಸರಕಾರಿ ಗ್ಯಾಸೆಟಿಯರ್ ಇನ್ನೊಂದು ಹೆಸರನ್ನೂ ಸೇರಿಸುತ್ತದೆ: 1857ರಲ್ಲಿ ಶ್ರೀ ಕೌಂಡಿನ್ಯರು ‘ಬಿದಿರು ಸೀಮೆ’ಯಲ್ಲಿ ಆನಂದಪುರ ಎಂಬ ಊರನ್ನೂ ಭರವಸೆಯ ಒಂದು ತೋಟವನ್ನೂ ಸ್ಥಾಪಿಸಿದರು. ಬಿಳಿಯರ ಹೆಸರುಗಳ ನಡುವೆ ಆ ಪಟ್ಟಿಯಲ್ಲಿ ಬರುವ ಮಂಗಳೂರಿನ ಹೆಸರು ಇದೊಂದೇ.

ಬಿದಿರು ಸೀಮೆ ಎಂದರೆ ಸಿದ್ದಾಪುರ, ಅಮ್ಮತ್ತಿಗಳ ಸುತ್ತಲಿನ, ಪಶ್ಚಿಮದ ಘಾಟಿಗಿಂತ ಮಳೆ ಕಡಿಮೆ ಇರುವ ಒಣ ಪ್ರದೇಶ. ಊರಿಗೆ ಹೆಸರು ಬಂದದ್ದು ಆನಂದರಾಯರಿಂದ. ಹೆಸರಿನಲ್ಲಿಯೇ ಇರುವ ಅರ್ಥವೂ ಹೊಂದಿಕೊಂಡಿತು.

ಯೋಜನೆ ಸರಳವಾಗಿತ್ತು. ಒಡೆಯನನ್ನು ಬಿಟ್ಟು ಬಂದ ಕುಟುಂಬಕ್ಕೆ ತೋಟದಲ್ಲಿ ಕೂಲಿ ಕೆಲಸ, ಇರಲು ಮನೆ, ಮಕ್ಕಳಿಗೆ ಶಾಲೆ, ಭಾನುವಾರ ಪ್ರಾರ್ಥನೆ ಮತ್ತು ವಿಶ್ರಾಂತಿ. ಈ ಪಟ್ಟಿ ಇಂದಿನ ಕಣ್ಣಿಗೆ ಸಾಮಾನ್ಯವಾಗಿ ಕಾಣಬಹುದು. ದುಡಿಮೆಗೆ ಕೂಲಿ ಎಂಬುದೇ ಹೊಸದಾದವರಿಗೆ, ವಾರಕ್ಕೊಂದು ದಿನ ತನ್ನದು ಎಂಬುದು ಕಲ್ಪನೆಗೂ ಮೀರಿದವರಿಗೆ ಇದು ಏನಾಗಿತ್ತೆಂದು ಊಹಿಸಿಕೊಳ್ಳಿ. ಮದುವೆಯಾದ ಗಂಡ-ಹೆಂಡಿರನ್ನು ಬೇರೆ ಬೇರೆ ಒಡೆಯರು ಎಳೆದೊಯ್ಯಲಾರರು. ಹುಟ್ಟಿದ ಮಗು ಯಾರ ಸೊತ್ತೂ ಅಲ್ಲ. ಸತ್ತರೆ ಹೂಳಲು ಹೆಸರಿಟ್ಟ ಒಂದು ಜಾಗವಿದೆ.

ಬಾಸೆಲ್ ಸಭೆಗಳಲ್ಲಿ ಜಾತಿಗೆ ಎಡೆಯಿರಲಿಲ್ಲ. ಈ ವಿಷಯದಲ್ಲಿ ಅವರು ಇತರ ಕೆಲವು ಮಿಷನ್‌ಗಳಿಗಿಂತ ಕಟ್ಟುನಿಟ್ಟು. ಒಂದೇ ಬೆಂಚು, ಒಂದೇ ಬಟ್ಟಲು. ಬ್ರಾಹ್ಮಣನಾಗಿ ಹುಟ್ಟಿದ ಕೌಂಡಿನ್ಯರೂ ಜಮ್ಮದಾಳಾಗಿ ಹುಟ್ಟಿದವನೂ ಒಂದೇ ಪ್ರಭುಭೋಜನದ ಬಟ್ಟಲಿನಿಂದ ಕುಡಿಯಬೇಕು. 1850ರ ದಶಕದ ಕೊಡಗಿನಲ್ಲಿ, ಕೊಡಗೇನು, ಅಂದಿನ ಮುಂಬಯಿಯಲ್ಲೂ, ಇದು ಸಣ್ಣ ಸಂಗತಿಯಾಗಿರಲಿಲ್ಲ. ಆರಾಧನೆಯ ಭಾಷೆ ಕನ್ನಡ. ದೇವಸ್ಥಾನದ ಹೊರಗೆ ನಿಲ್ಲಬೇಕಾಗಿದ್ದವರು ಒಳಗೆ ಕುಳಿತು ಕನ್ನಡದಲ್ಲಿ ಓದಿದರು, ಹಾಡಿದರು.

ಬಿಡುಗಡೆಯ ಇನ್ನೊಂದು ಮುಖ

ಇಲ್ಲಿಗೆ ಕಥೆ ನಿಲ್ಲಿಸಿದರೆ ಅದು ಅರ್ಧ ಕಥೆಯಷ್ಟೇ. ತೋಟ ಕೌಂಡಿನ್ಯರದು. ಅಲ್ಲಿ ದುಡಿದವರು ಕೂಲಿಗಳೇ. ಒಡೆಯನ ಗದ್ದೆಯಿಂದ ಬಿಡಿಸಿಕೊಂಡವರು ಸ್ವಂತ ಗದ್ದೆಗೆ ಹೋಗಲಿಲ್ಲ, ಇನ್ನೊಬ್ಬರ ತೋಟಕ್ಕೆ ಹೋದರು. ಕೆಲಸ ಕೊಡುವವರೂ ಮನೆ ಕೊಡುವವರೂ ಪ್ರಭುಭೋಜನ ಕೊಡುವವರೂ ಒಬ್ಬರೇ ಆದಾಗ ಎದುರಾಡುವುದು ಹೇಗೆ? ಸಭೆಯ ಶಿಸ್ತೂ ಬಿಗಿಯಾಗಿತ್ತು. ಸೇಂದಿ ಕುಡಿದವನು, ಹಳೆಯ ದೈವಕ್ಕೆ ಕೋಳಿ ಕೊಟ್ಟವನು, ಹೆಂಡತಿಯನ್ನು ಬಿಟ್ಟವನು ಹಿರಿಯರ ಮುಂದೆ ನಿಲ್ಲಬೇಕು. ತಿದ್ದಿಕೊಳ್ಳದಿದ್ದರೆ ಪ್ರಭುಭೋಜನದಿಂದ ದೂರ.

ಮಿಷನ್ನಿಗೆ ಇಂಥ ಪ್ರಯೋಗ ಹೊಸದಲ್ಲ. ಗದಗ ಬಳಿಯ ಮಲಸಮುದ್ರದಲ್ಲಿ 1840ರ ದಶಕದಲ್ಲೇ ಒಂದು ಕೃಷಿ ವಸಾಹತು ಮಾಡಲು ಹೋಗಿ ಅದು ನಿಲ್ಲಲಿಲ್ಲ. ಪಕ್ಕದ ಬೆಟಗೇರಿ, ಆಚೆಯ ಗುಳೇದಗುಡ್ಡಗಳಲ್ಲಿ ನೇಕಾರರ ನಡುವೆ ಸಭೆಗಳು ಬೆಳೆದವು. ಕರಾವಳಿಯಲ್ಲಿ ಬಿಲ್ಲವರು ಮತಾಂತರವಾಗಿ ಸೇಂದಿ ಇಳಿಸುವ ಕಸುಬು ಬಿಟ್ಟಾಗ ಅವರಿಗೆ ಬೇರೆ ದುಡಿಮೆ ಕೊಡಬೇಕಾಯಿತು. ನೇಯ್ಗೆ, ಹಂಚಿನ ಕಾರ್ಖಾನೆಗಳು ಬೆಳೆದದ್ದು ಆ ಒತ್ತಡದಿಂದಲೇ. ಜಾತಿ ಬಿಟ್ಟರೆ ಕಸುಬು ಹೋಗುತ್ತದೆ, ಕಸುಬು ಹೋದರೆ ಅನ್ನ ಹೋಗುತ್ತದೆ. ಈ ಲೆಕ್ಕ ಮಿಷನರಿಗಳಿಗೆ ಬಲು ಬೇಗ ಅರ್ಥವಾಗಿತ್ತು. ನಮ್ಮ ಚಾಳಿನ ಮಾಡಿನ ಹಂಚಿಗೂ ಆನಂದಪುರದ ಕಾಫಿ ಗಿಡಕ್ಕೂ ಹಿಂದಿರುವ ಕಾರಣ ಒಂದೇ.

ಜಾಲ್ನಾ ಬಳಿಯ ಬೆಥೆಲ್

ಕಲ್ಯಾಣದ ಮೂಲಕ ಮನ್ಮಾಡ್, ಔರಂಗಾಬಾದ್ (ಈಗ ಛತ್ರಪತಿ ಸಂಭಾಜಿನಗರ) ಕಡೆಗೆ ಹೋಗುವ ರೈಲು ಜಾಲ್ನಾಕ್ಕೂ ಹೋಗುತ್ತದೆ. ಜಾಲ್ನಾ ಆಗ ನಿಜಾಮರ ರಾಜ್ಯ. ಮೇಲೆ ಹೇಳಿದ ನಾರಾಯಣ ಶೇಷಾದ್ರಿಯವರು ಸ್ಕಾಟ್ಲೆಂಡಿನ ಫ್ರೀ ಚರ್ಚಿನ, ಅಂದರೆ ಅಪ್ಪಟ ಪ್ರೆಸ್ಬಿಟೇರಿಯನ್ ಸಭೆಯ, ಗುರುವಾಗಿ ಅಲ್ಲಿ ಕೆಲಸ ಮಾಡಿದರು. ಅವರ ಬಳಿ ಬಂದವರಲ್ಲಿ ಹೆಚ್ಚಿನವರು ಮಾಂಗ, ಮಹಾರ ಸಮುದಾಯದವರು. ಹೈದರಾಬಾದಿನ ದಿವಾನ ಸಾಲಾರ್ ಜಂಗರಿಂದ ಭೂಮಿ ಪಡೆದು ಶೇಷಾದ್ರಿಯವರು ಜಾಲ್ನಾ ಸಮೀಪ ‘ಬೆಥೆಲ್’ ಎಂಬ ಹಳ್ಳಿ ಕಟ್ಟಿದರು. 1873ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಜಾಗತಿಕ ಸಮ್ಮೇಳನಕ್ಕೂ ಹೋಗಿ ಬಂದರು.

ಎರಡು ಹಳ್ಳಿಗಳ ಹೋಲಿಕೆ ನೋಡಿ. ಎರಡನ್ನೂ ಕಟ್ಟಿದವರು ಒಂದೇ ಕಾಲದಲ್ಲಿ, ಹರೆಯದಲ್ಲೇ ಮನೆ ಕಳೆದುಕೊಂಡ ಬ್ರಾಹ್ಮಣರು. ಎರಡೂ ಕಡೆ ಬಂದು ನೆಲೆಸಿದವರು ಊರ ಹೊರಗಿನವರು. ಎರಡೂ ಕಡೆ ಮೊದಲ ಅಗತ್ಯ ನೆಲ. ಜಾತಿಯ ಊರಿನೊಳಗೆ ಇವರಿಗೆ ಜಾಗ ಸಿಗದು, ಹೊಸ ಊರೇ ಬೇಕು ಎಂದು ಕೊಡಗಿನಲ್ಲೂ ಮರಾಠವಾಡದಲ್ಲೂ ಇಬ್ಬರಿಗೂ ಅನ್ನಿಸಿತು. ಕುಲದಿಂದ ಹೊರಬಿದ್ದ ಇವರಿಬ್ಬರಿಗೆ ಹೊರಗಿರುವುದು ಏನೆಂದು ಸ್ವಂತ ಅನುಭವದಿಂದಲೇ ಗೊತ್ತಿತ್ತು. ಪರಊರಿನಲ್ಲಿ ಬಾಡಿಗೆ ಮನೆ ಹುಡುಕಿದ ಯಾವ ವಲಸಿಗನಿಗೂ ಇದು ಸ್ವಲ್ಪವಾದರೂ ಅರ್ಥವಾದೀತು.

ಹುಳು, ರೋಗ, ಮಹಾಯುದ್ಧ

ಮೋಗ್ಲಿಂಗರು ಹೆಂಡತಿಯ ಅನಾರೋಗ್ಯದಿಂದಾಗಿ 1860ರಲ್ಲಿ ಭಾರತ ಬಿಟ್ಟರು, ಮತ್ತೆ ಬರಲಿಲ್ಲ. ಕೊಡಗಿನ ಮಿಷನ್ನಿನ ಕಥೆಯನ್ನು ವೈಟ್‌ಬ್ರೆಕ್ಟ್ ಅವರ ಜೊತೆ ಸೇರಿ ಜರ್ಮನ್ ಭಾಷೆಯಲ್ಲಿ ಬರೆದು 1866ರಲ್ಲಿ ಪ್ರಕಟಿಸಿದರು. 1881ರಲ್ಲಿ ತೀರಿಕೊಂಡರು.

ಅಷ್ಟರಲ್ಲಿ ಬಿದಿರು ಸೀಮೆಯ ಮೇಲೆ ಕಷ್ಟ ಎರಗಿತ್ತು. ಮೊದಲ ತೋಟಗಾರರು ನೆರಳಿನ ಮರಗಳನ್ನೂ ಉಳಿಸದೆ ಕಾಡನ್ನು ಸಾರಾಸಗಟು ಕಡಿದು ಕಾಫಿ ನೆಟ್ಟಿದ್ದರು. 1860ರ ದಶಕದ ಎರಡನೆಯ ಅರ್ಧದಲ್ಲಿ ಮಳೆ ಕೈಕೊಟ್ಟಾಗ, ಬಿಸಿಲಿಗೆ ಬಾಡಿದ ಗಿಡಗಳ ಕಾಂಡವನ್ನು ಬಿಳಿ ಕಾಂಡಕೊರಕ ಹುಳು ಹೊಕ್ಕಿತು. ಹುಳು ಒಳಗಿನಿಂದ ತಿನ್ನುತ್ತದೆ. ಹೊರಗೆ ಹಸಿರಾಗಿದ್ದ ಗಿಡ ಕೆಲವೇ ದಿನಗಳಲ್ಲಿ ಒಣಗುತ್ತದೆ. ಒಣ ಪ್ರದೇಶವಾದ ಬಿದಿರು ಸೀಮೆಗೆ ಪೆಟ್ಟು ಹೆಚ್ಚು. ಅದರ ಬೆನ್ನಿಗೇ ಎಲೆ ತುಕ್ಕು ರೋಗ. ನೆರಳಿಲ್ಲದೆ ಕಾಫಿ ಬಾಳದೆಂಬ ಪಾಠವನ್ನು ಕೊಡಗು ಕಲಿತದ್ದು ಹೀಗೆ. ಇಂದು ಪ್ರವಾಸಿಗರು ಮೆಚ್ಚುವ ಮರಗಳ ನೆರಳಿನ ತೋಟಗಳ ಹಿಂದೆ ಆ ನಷ್ಟದ ಲೆಕ್ಕವಿದೆ. ಆನಂದಪುರವೂ ಆ ಸೀಮೆಯ ನಡುವೆಯೇ ಇತ್ತು. ಗಿಡ ಒಣಗಿದಾಗ ಮೊದಲು ಒಣಗುವುದು ಕೂಲಿಯವನ ಹೊಟ್ಟೆ.

ಕೌಂಡಿನ್ಯರು 1893ರಲ್ಲಿ ತೀರಿಕೊಂಡರು. ಮರುವರ್ಷ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂತು. ಕಿಟ್ಟೆಲರೂ ಕೊಡಗಿನಲ್ಲಿ ವರ್ಷಗಟ್ಟಲೆ ಇದ್ದವರು. ಮಡಿಕೇರಿಯ ಮಳೆಗಾಲಗಳಲ್ಲಿ ಕೂತು ಅವರು ಆರಿಸಿದ ಪದಗಳೂ ಅದರಲ್ಲಿವೆ. ನಾವು ಇಂದಿಗೂ ತೆರೆಯುವ ಆ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ.

1914ರಲ್ಲಿ ಮಹಾಯುದ್ಧ ಬಂತು. ಜರ್ಮನ್ ಪಾದ್ರಿಗಳು ಬ್ರಿಟಿಷರ ಕಣ್ಣಿಗೆ ಒಮ್ಮೆಲೇ ಶತ್ರುಗಳಾದರು. ಅನೇಕರನ್ನು ಇಲ್ಲೇ ನಮ್ಮ ಅಹ್ಮದನಗರದ ಶಿಬಿರದಲ್ಲಿ ಬಂಧಿಸಿ, ಬಳಿಕ ‘ಗೋಲ್ಕೊಂಡ’ ಎಂಬ ಹಡಗಿನಲ್ಲಿ ಯುರೋಪಿಗೆ ಕಳುಹಿಸಲಾಯಿತು. ಹಂಚು, ನೇಯ್ಗೆಯ ಕಾರ್ಖಾನೆಗಳು ‘ಕಾಮನ್‌ವೆಲ್ತ್ ಟ್ರಸ್ಟ್’ ಕೈಗೆ ಹೋದವು.

ಎಂಬತ್ತು ವರ್ಷ ಮಿಷನರಿಗಳ ನೆರಳಿನಲ್ಲಿದ್ದ ಸಭೆಗಳು ಒಂದೆರಡು ವರ್ಷದಲ್ಲಿ ತಮ್ಮ ಕಾಲ ಮೇಲೆ ನಿಲ್ಲಬೇಕಾಯಿತು. ಆಗ ನೆರವಿಗೆ ಬಂದದ್ದು ಆ ‘ಹಿರಿಯರ’ ಪದ್ಧತಿ. ಪಾದ್ರಿ ಹೋದರೂ ಹಿರಿಯರಿದ್ದರು, ಸಭೆಯ ಲೆಕ್ಕದ ಪುಸ್ತಕವಿತ್ತು, ಭಾನುವಾರದ ಗಂಟೆ ಬಾರಿಸಲು ಕೈಯಿತ್ತು. 1947ರ ಸೆಪ್ಟೆಂಬರಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಸಭೆಗಳ ಜೊತೆ ಪ್ರೆಸ್ಬಿಟೇರಿಯನ್ನರೂ ಕಾಂಗ್ರಿಗೇಶನಲರೂ ಕೂಡಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಆಯಿತು. ಕನ್ನಡದ ಬಾಸೆಲ್ ಸಭೆಗಳು ಬಹುಪಾಲು 1968ರಲ್ಲಿ ಅದಕ್ಕೆ ಸೇರಿದವು. ಆಗ ಅವುಗಳಿಗೂ ಬಿಷಪ್ ಬಂದರು. ಕೊಡಗಿನ ಸಭೆಗಳು ಇಂದು ಮಂಗಳೂರು ಕೇಂದ್ರವಾಗಿರುವ ಕರ್ನಾಟಕ ದಕ್ಷಿಣ ಸಭಾಪ್ರಾಂತದಲ್ಲಿವೆ.

ಹೆಸರಿಲ್ಲದವರ ಹೆಸರು

ಆನಂದಪುರ ಇಂದಿಗೂ ಇದೆ, ಚರ್ಚೂ ಇದೆ. ಸಿದ್ದಾಪುರ-ಅಮ್ಮತ್ತಿ ಕಡೆ ಹೋಗುವವರಿಗೆ ಆ ಹೆಸರಿನ ಫಲಕ ಸಿಗುತ್ತದೆ. ಟಾಟಾ ಸಮೂಹದ ಕಾಫಿ ತೋಟಗಳಲ್ಲಿ ಒಂದರ ಹೆಸರೂ ಆನಂದಪುರವೇ. ಕಂಪೆನಿಯೊಂದರ ಪಟ್ಟಿಯಲ್ಲಿ ಮಂಗಳೂರಿನ ಆನಂದರಾಯರು ಹೀಗೆ ಯಾರಿಗೂ ಗೊತ್ತಾಗದಂತೆ ಉಳಿದುಕೊಂಡಿದ್ದಾರೆ. ಜರ್ಮನಿಯ ವಿದ್ವಾಂಸ ಆಲ್ಬ್ರೆಕ್ಟ್ ಫ್ರೆನ್ಜ್ ಈ ಊರಿನ ಬಗ್ಗೆಯೇ ಒಂದು ಪುಸ್ತಕ ಬರೆದಿದ್ದಾರೆ. ‘ಸ್ವಾತಂತ್ರ್ಯಕ್ಕೆ ಮುಖವಿದೆ’ ಎಂಬುದು ಅದರ ಶೀರ್ಷಿಕೆಯ ಅರ್ಥ.

ಆ ಮುಖಗಳು ಯಾರವು? ಕಿಟ್ಟೆಲರಿಗೆ ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯಲ್ಲಿ ಪ್ರತಿಮೆಯಿದೆ. ಮೋಗ್ಲಿಂಗರನ್ನು ಪ್ರತಿ ಜುಲೈ 1ಕ್ಕೆ ನೆನೆಯುತ್ತೇವೆ. ಒಡೆಯನ ಹಟ್ಟಿ ಬಿಟ್ಟು ರಾತ್ರೋರಾತ್ರಿಯೋ ಹಗಲಿನಲ್ಲಿಯೋ ನಡೆದು ಬಂದು, ಬಿದಿರು ಕಡಿದು, ಗುಂಡಿ ತೋಡಿ, ಕಾಫಿ ನೆಟ್ಟವರಿಗೆ ಪ್ರತಿಮೆಯಿಲ್ಲ. ಅವರಲ್ಲಿ ಅನೇಕರ ಹೆಸರು ಮೊದಲ ಬಾರಿಗೆ ಕಾಗದಕ್ಕೆ ಇಳಿದದ್ದು ಸಭೆಯ ದೀಕ್ಷಾಸ್ನಾನದ ಪುಸ್ತಕದಲ್ಲಿರಬೇಕು. ಅದಕ್ಕೆ ಮೊದಲು ಅವರು ಒಡೆಯನ ಮನೆಯ ಎಣಿಕೆಯಲ್ಲಿ ಎತ್ತು, ನೇಗಿಲಿನ ಜೊತೆಗಿದ್ದವರು. ಆ ಪುಸ್ತಕದಲ್ಲಿ ಗಂಡನ ಹೆಸರು, ಹೆಂಡತಿಯ ಹೆಸರು, ಮಗುವಿನ ಹೆಸರು ಬೇರೆ ಬೇರೆ ಸಾಲಿನಲ್ಲಿ ಬರುತ್ತವೆ. ಮನುಷ್ಯರೆಂದು ಲೆಕ್ಕಕ್ಕೆ ಬರುವುದು ಎಂದರೆ ಇದೇ.

ಮತಾಂತರದ ಬಗ್ಗೆ ನಮ್ಮಲ್ಲಿ ಬಿಸಿಬಿಸಿ ಚರ್ಚೆ ನಡೆಯುತ್ತದೆ. ಒಬ್ಬರಿಗೆ ಅದು ಸೇವೆ, ಇನ್ನೊಬ್ಬರಿಗೆ ಸಂಚು. ಆನಂದಪುರದ ಮೊದಲ ಕುಟುಂಬಗಳ ಕಡೆಯಿಂದ ನೋಡಿದರೆ ಎರಡೂ ಮಾತು ಸಾಲದೆನಿಸುತ್ತದೆ. ಅವರ ಮುಂದೆ ಎರಡು ಬಾಗಿಲುಗಳಿದ್ದವು. ಒಂದು ಹುಟ್ಟಿನಿಂದಲೇ ಮುಚ್ಚಿತ್ತು. ಇನ್ನೊಂದು ಷರತ್ತುಗಳೊಂದಿಗೆ ತೆರೆದಿತ್ತು. ಷರತ್ತು ತಿಳಿದೇ ಅವರು ಒಳಗೆ ಕಾಲಿಟ್ಟರು. ಆ ಆಯ್ಕೆ ಅವರದು. ಪಾದ್ರಿಯ ಕೀರ್ತಿಗೂ ಅದು ಸೇರದು, ಪಾದ್ರಿಯ ಮೇಲಿನ ಆಪಾದನೆಗೂ ಸೇರದು.

ನಮ್ಮ ಓದುಗರಿಗೆ ಒಂದು ಮನವಿ. ಜತ್ತನ್ನ, ಅಮ್ಮಣ್ಣ, ಸೋನ್ಸ್ ಮುಂತಾದ ಕರಾವಳಿಯ ಹೆಸರುಗಳ ಕುಟುಂಬಗಳು ಮುಂಬಯಿಯ ಉಪನಗರಗಳಲ್ಲೂ ಇವೆ. ಬೆಟಗೇರಿ, ಗುಳೇದಗುಡ್ಡ, ಹುಬ್ಬಳ್ಳಿಯಿಂದ ಬಂದವರೂ ಇದ್ದಾರೆ. ಹಳೆಯ ಪೆಟ್ಟಿಗೆಗಳಲ್ಲಿ ಅಜ್ಜನ ದೀಕ್ಷಾಸ್ನಾನದ ಚೀಟಿ, ಮಿಷನ್ ಶಾಲೆಯ ಸರ್ಟಿಫಿಕೇಟು, ನೇಯ್ಗೆ ಕಾರ್ಖಾನೆಯ ಕೂಲಿ ಪುಸ್ತಕ ಇದ್ದರೆ ರದ್ದಿಗೆ ಹಾಕಬೇಡಿ. ಬಾಸೆಲ್ ಮಿಷನ್ನಿನ ಹಳೆಯ ಛಾಯಾಚಿತ್ರಗಳು, ದಾಖಲೆಗಳು ಸ್ವಿಟ್ಜರ್ಲೆಂಡಿನ ಭಂಡಾರದಲ್ಲಿವೆ, ಅಂತರಜಾಲದಲ್ಲೂ ನೋಡಸಿಗುತ್ತವೆ. ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯೋಲಾಜಿಕಲ್ ಕಾಲೇಜಿನ ಸಂಗ್ರಹದಲ್ಲಿ ಹಳೆಯ ಕನ್ನಡ, ತುಳು ಮುದ್ರಣಗಳಿವೆ. ರಜೆಯಲ್ಲಿ ಊರಿಗೆ ಹೋದಾಗ ಒಂದು ಮಧ್ಯಾಹ್ನ ಅಲ್ಲಿಗೆ ಮೀಸಲಿಡಬಹುದು.

ಕೊಡಗಿಗೆ ಹೋಗುವವರು ದುಬಾರೆ, ರಾಜಾಸೀಟು, ತಲಕಾವೇರಿ ನೋಡಿ ಬರುತ್ತಾರೆ. ಮುಂದಿನ ಸಲ ಆನಂದಪುರದ ಕಡೆಗೂ ವಾಹನ ತಿರುಗಿಸಿ. ಚರ್ಚಿನ ಜೊತೆಗೆ ಸುತ್ತಲಿನ ತೋಟವನ್ನೂ ನೋಡಿ. ಆ ಗುಂಡಿಗಳನ್ನು ಮೊದಲು ತೋಡಿದವರು ಜೀವನದಲ್ಲಿ ಮೊದಲ ಬಾರಿಗೆ ಕೂಲಿ ಎಣಿಸಿಕೊಂಡು ಮನೆಗೆ ಹೋಗಿದ್ದರು.